ಮೂರನೇ ಸ್ಲಾಟು

ನನ್ನ ಕಣ್ಣು ಕೈಕೊಡುತ್ತಿದೆ ಎಂದು ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ನಮ್ಮ ಪ್ರೆಸ್ಸಿನ ಯಜಮಾನರು. ಒಂದು ಮದುವೆ ಕಾಗದದ ಪ್ರೂಫನ್ನು ನನ್ನ ಮುಂದೆ ಹಿಡಿದು, "ಇಲ್ಲಿ ವರನ ಊರೇ ಇಲ್ವಲ್ಲ ಅಮ್ಮ" ಎಂದರು. ನನಗೆ ಮೈ ಉರಿದುಹೋಯಿತು. ಊರು ಇರಲೇಬೇಕು, ನಾನೇ ನೋಡಿದ್ದೇನೆ ಎಂದು ವಾದ ಮಾಡಿದೆ. ಆಮೇಲೆ ಕಾಗದವನ್ನು ಕಿಟಕಿಯ ಹತ್ತಿರ ಒಯ್ದು, ಅತ್ತ ಇತ್ತ ಓರೆ ಮಾಡಿ ನೋಡಿದಾಗ, ಆ ಸಾಲು ನಿಜಕ್ಕೂ ಇರಲಿಲ್ಲ.

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಆ ಪ್ರೆಸ್ಸು. ಎರಡು ಸಾವಿರದ ನಾಲ್ಕನೇ ಇಸವಿಯೋ ಐದೋ ಇರಬೇಕು. ಮುಂದೆ ಪ್ರಿಂಟಿಂಗ್ ಮಿಷನ್ನು, ಪಕ್ಕದಲ್ಲಿ ಕಾಗದ ಕತ್ತರಿಸುವ ದೊಡ್ಡ ಯಂತ್ರ, ಹಿಂದಿನ ಮೂಲೆಯಲ್ಲಿ ಕಂಪ್ಯೂಟರು ಮತ್ತು ನನ್ನ ಕುರ್ಚಿ. ಮದುವೆ, ಉಪನಯನ, ವೈಕುಂಠ ಸಮಾರಾಧನೆ, ಸಹಕಾರಿ ಸಂಘದ ವಾರ್ಷಿಕ ವರದಿ, ಎಲ್ಲ ನನ್ನ ಬೆರಳ ಕೆಳಗಿಂದಲೇ ಹೋಗುತ್ತಿದ್ದವು. ಕನ್ನಡ ಕಂಪೋಸಿಂಗಿನಲ್ಲಿ ನನ್ನಷ್ಟು ಸ್ಪೀಡು ಮೂರು ತಾಲ್ಲೂಕಿನಲ್ಲಿ ಯಾರಿಗೂ ಇಲ್ಲ ಎಂದು ಜನ ಹೇಳುತ್ತಿದ್ದರು. ನಾನು ಅದನ್ನು ಬೇಡ ಅನ್ನುತ್ತಿರಲಿಲ್ಲ.

ಶಿವಮೊಗ್ಗದ ಕಣ್ಣಿನ ಡಾಕ್ಟರು ಅದೇನೋ ಉದ್ದದ ಹೆಸರು ಹೇಳಿದರು. ಕಣ್ಣಿನ ನಡುಮಧ್ಯದ ನೋಟ ಸವೆಯುತ್ತಾ ಹೋಗುತ್ತದಂತೆ. ಅಂಚಿನ ನೋಟ ಉಳಿಯುತ್ತದಂತೆ. ನನಗೆ ಆಗುತ್ತಿದ್ದುದೂ ಹಾಗೆಯೇ: ಯಾವ ಅಕ್ಷರವನ್ನು ನೋಡುತ್ತೇನೋ ಅದೇ ಮಾಯ, ಅಕ್ಕಪಕ್ಕದವು ಮಾತ್ರ ಇರುತ್ತಿದ್ದವು. "ಮುಂದೆ ಎಷ್ಟು ಹೆಚ್ಚುತ್ತೆ?" ಎಂದು ಕೇಳಿದೆ. "ಹೇಳೋಕಾಗಲ್ಲ. ಕೆಲವರಿಗೆ ವರ್ಷಗಟ್ಟಲೆ ಹಾಗೇ ಇರುತ್ತೆ, ಕೆಲವರಿಗೆ ಬೇಗ ಅಂಚಿಗೂ ಬರುತ್ತೆ. ಅಂಚಲ್ಲೂ ಮಬ್ಬಾದ್ರೆ ತಕ್ಷಣ ಬನ್ನಿ" ಎಂದರು. ಬಸ್ಸು ಕೊಪ್ಪ ಮುಟ್ಟುವವರೆಗೂ ಆ ಕೊನೆಯ ಮಾತನ್ನೇ ತಿರುವಿ ಹಾಕುತ್ತಿದ್ದೆ.

ಅಮ್ಮನಿಗೆ ಹೇಳಿದರೆ ಅವಳದು ಬೇರೆಯೇ ಧಾಟಿ. ಅವಳು ಅಡಿಕೆ ಸುಲಿದೇ ನನ್ನನ್ನು ಸಾಕಿದವಳು. "ನಾನೇನು ಕತ್ತಿ ನೋಡ್ಕೊಂಡು ಸುಲೀತೀನನೇ? ಕೈಗೇ ಗೊತ್ತಿರುತ್ತೆ. ನಿಂಗೂ ಹಂಗೇ ಆಗುತ್ತೆ ಬಿಡೆ" ಎಂದಳು. ಬೆರಳಿಗೆ ಗೊತ್ತಿತ್ತು, ಸುಳ್ಳಲ್ಲ. ಕೀಬೋರ್ಡು ನೋಡಿ ನಾನು ಎಂದೂ ಹೊಡೆದವಳಲ್ಲ. ಆದರೆ ಹೊಡೆದದ್ದನ್ನು ಓದಬೇಕಲ್ಲ? ಓದಲಾಗದ ಕಂಪೋಸಿಂಗಿನವಳನ್ನು ಯಾರು ಇಟ್ಟುಕೊಳ್ಳುತ್ತಾರೆ?

ಯಜಮಾನರು ಕೆಟ್ಟವರಲ್ಲ. ಹೆದರುಪುಕ್ಕಲು ಅಷ್ಟೇ. "ಆಷಾಢ ಮುಗೀತಾ ಬಂತು. ಶ್ರಾವಣದ ಕಾಗದ ಶುರುವಾಗೋದ್ರೊಳಗೆ ಏನಾದ್ರೂ ದಾರಿ ಕಂಡ್ಕೋ ಅಮ್ಮ. ಮುಹೂರ್ತ ಗಿಹೂರ್ತ ತಪ್ಪಿದ್ರೆ ಜನ ನನ್ನ ಅಂಗಡಿ ಮುಂದೆ ಬಂದು ಕೂತ್ಕೋತಾರೆ" ಎಂದರು. ಇಲ್ಲದಿದ್ದರೆ ನನ್ನ ಕುರ್ಚಿ ಬೇರೆಯವರದು.

ದಾರಿ ತೋರಿಸಿದವರು ಎನ್.ಆರ್. ಪುರದ ಕಂಪ್ಯೂಟರ್ ಅಸೆಂಬ್ಲಿಯವರು. ಕೊಪ್ಪ, ಶೃಂಗೇರಿ, ಬಾಳೆಹೊನ್ನೂರು ಎಲ್ಲ ಕಡೆ ಅಂಗಡಿಗಳ ಕಂಪ್ಯೂಟರು ಜೋಡಿಸುವುದು, ರಿಪೇರಿ ಮಾಡುವುದು ಅವರೇ. ಕಂಪ್ಯೂಟರಿನಲ್ಲಿ ಭೂತಗನ್ನಡಿಯಂಥ ಒಂದು ಪ್ರೋಗ್ರಾಂ ಇದೆ ಎಂದು ತೋರಿಸಿದರು. ಮೌಸು ಇರುವ ಕಡೆಯ ಅಕ್ಷರ ಅಂಗೈಯಷ್ಟು ದೊಡ್ಡದಾಗುತ್ತಿತ್ತು. ಅಷ್ಟು ದೊಡ್ಡದಾದರೆ ನಾನು ಓರೆಯಾಗಿ ನೋಡಿ ಓದಬಲ್ಲೆ! ಆದರೆ ಅದು ಅರ್ಧ ಪರದೆ ನುಂಗಿಬಿಡುತ್ತಿತ್ತು. ಉಳಿದರ್ಧದಲ್ಲಿ ಪುಟ ಹಿಡಿಸುವುದಿಲ್ಲ, ಅಂಚು ಸರಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

"ಎರಡು ಮಾನಿಟರ್ ಇಟ್ರೆ ಆಯ್ತಲ್ಲ ಮಾರಾಯ್ತಿ" ಎಂದರು ಅವರು. "ಒಂದ್ರಲ್ಲಿ ಪುಟ, ಇನ್ನೊಂದ್ರಲ್ಲಿ ದೊಡ್ಡಕ್ಷರ."

ಹೇಳುವುದು ಸುಲಭ. ನಮ್ಮ ಕಂಪ್ಯೂಟರಿಗೆ ಪರದೆಯ ತಂತಿ ಸಿಕ್ಕಿಸುವ ಬಾಯಿ ಇದ್ದದ್ದು ಒಂದೇ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸು ಮದರ್‌ಬೋರ್ಡಿಗೇ ಅಂಟಿಕೊಂಡು ಬಂದದ್ದು. ಇನ್ನೊಂದು ಪರದೆ ಬೇಕಾದರೆ ಇನ್ನೊಂದು ಗ್ರಾಫಿಕ್ಸ್ ಕಾರ್ಡು ಬೇಕು. ಅವರು ಒಂದು ಹೊಸ ಕಾರ್ಡು ತರಿಸಿ, ಬೋರ್ಡಿನ ನಡುವೆ ಗ್ರಾಫಿಕ್ಸಿಗೆಂದೇ ಇದ್ದ ಕಂದು ಬಣ್ಣದ ಸ್ಲಾಟಿಗೆ, ಅಂದರೆ ಕಾರ್ಡು ಕೂರಿಸುವ ಉದ್ದ ಸೀಳಿಗೆ, ಹಾಕಿದರು. ಹೊಸ ಪರದೆ ಝಗ್ಗನೆ ಹತ್ತಿತು. ನಾನು ಕುಣಿಯುವುದೊಂದು ಬಾಕಿ. ಆಮೇಲೆ ನೋಡಿದರೆ ಹಳೆಯ ಪರದೆ ಕಪ್ಪು. ಈ ಬೋರ್ಡಿನ ಗುಣವೇ ಹಾಗಂತೆ: ಆ ಸ್ಲಾಟಿಗೆ ಕಾರ್ಡು ಬಂತೆಂದರೆ ತನ್ನೊಳಗಿನ ಗ್ರಾಫಿಕ್ಸನ್ನು ಮಲಗಿಸಿಬಿಡುತ್ತದೆ. ಇದಿದ್ದರೆ ಅದಿಲ್ಲ, ಅದಿದ್ದರೆ ಇದಿಲ್ಲ.

"ಹಂಗಾದ್ರೆ ಬೋರ್ಡೇ ಬದಲಾಯ್ಸಿ!" ಎಂದು ಕೂಗಿದೆ. ಆಗ ಅವರೂ ಯಜಮಾನರೂ ಮುಖ ಮುಖ ನೋಡಿಕೊಂಡರು. ಬೋರ್ಡು ಬದಲಾಯಿಸಿದರೆ ಎಲ್ಲವನ್ನೂ ಹೊಸದಾಗಿ ತುಂಬಬೇಕು. ನಮ್ಮ ಕನ್ನಡ ಸಾಫ್ಟ್‌ವೇರಿನ ಫ್ಲಾಪಿಗಳಿಗೆ ಹಿಂದಿನ ಮಳೆಗಾಲದಲ್ಲೇ ಬೂಸ್ಟು ಹಿಡಿದು, ಒಂದೂ ಓದುತ್ತಿರಲಿಲ್ಲ. ಮಾರಿದ ಕಂಪನಿ ಬಾಗಿಲು ಹಾಕಿಕೊಂಡು ಹೋಗಿತ್ತು. ನನ್ನ ಅಕ್ಷರಗಳೆಲ್ಲ ಆ ಒಂದು ಪೆಟ್ಟಿಗೆಯೊಳಗೆ ಸಿಕ್ಕಿಕೊಂಡಿದ್ದವು. ಬೋರ್ಡು ಮುಟ್ಟುವಂತಿಲ್ಲ.

ಬೂಸ್ಟಿನ ಮಾತು ಬಂತಲ್ಲ, ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಮಳೆ ಹಿಡಿಯಿತೆಂದರೆ ಬೀಗದ ಕೈಗೂ ಬೂಸ್ಟು ಬರುತ್ತದೆ. ಫೋಟೋ ಸ್ಟುಡಿಯೋದವರು ಕ್ಯಾಮೆರಾ ಪೆಟ್ಟಿಗೆಯೊಳಗೆ ಬಲ್ಬು ಉರಿಸಿಡುತ್ತಿದ್ದರು. ಅದನ್ನು ನೋಡಿ ಕಂಪ್ಯೂಟರಿನವರೂ ಕಲಿತರು. ಕ್ಯಾಬಿನೆಟ್ಟಿನ ಹಿಂದಿನ ಸಂದಿಯಿಂದ ವೈರು ತೂರಿಸಿ, ಒಳಗೊಂದು ಕೆಂಪು ಜೀರೋ ಬಲ್ಬು ನೇತುಹಾಕಿ, ರಾತ್ರಿಯೆಲ್ಲ ಉರಿಯಲು ಬಿಡುವುದು; ನಮ್ಮಲ್ಲಿ ಸಂಜೆ ಅದರ ಸ್ವಿಚ್ಚು ಒತ್ತುತ್ತಿದ್ದವರು ಯಜಮಾನರೇ. ಬೆಂಗಳೂರಿನವರು ಕೇಳಿದರೆ ನಗುತ್ತಾರೆ. ನಮಗೆ ಅದು ಹಾಲಿಗೆ ಹೆಪ್ಪು ಹಾಕಿಟ್ಟಷ್ಟೇ ಸಹಜ. ಬೆಳಿಗ್ಗೆ ಶಟರ್ ಎತ್ತಿದರೆ, ಆ ಕತ್ತಲೆ ಅಂಗಡಿಯ ಹಿಂದಿನ ಮೂಲೆಯಲ್ಲಿ ಕ್ಯಾಬಿನೆಟ್ಟಿನ ತೂತುಗಳಿಂದ ಕೆಂಪು ಬೆಳಕು ಚೂರು ಚೂರಾಗಿ ಕಾಣುತ್ತಿತ್ತು. ಕಣ್ಣು ಹಾಳಾದ ಮೇಲೆ ನಾನು ಅದನ್ನೇ ಗುರುತು ಇಟ್ಟುಕೊಂಡು, ಕತ್ತರಿ ಯಂತ್ರಕ್ಕೆ ಸೊಂಟ ತಾಗಿಸಿಕೊಳ್ಳದೆ, ನೇರ ನನ್ನ ಕುರ್ಚಿಗೆ ಹೋಗುತ್ತಿದ್ದೆ. ಓರೆಗಣ್ಣಿಗೆ ಅದು ಚೆನ್ನಾಗಿ ಕಾಣುತ್ತಿತ್ತು.

ಅಸೆಂಬ್ಲಿಯವರು ಸೋಲು ಒಪ್ಪುವ ಆಸಾಮಿಯಲ್ಲ. ಬೋರ್ಡಿನ ಕೆಳಗಡೆ ಬಿಳಿ ಬಣ್ಣದ ಮೂರು ಸಾಮಾನ್ಯ ಸ್ಲಾಟುಗಳಿದ್ದವು. ಒಂದರಲ್ಲಿ ಇಂಟರ್ನೆಟ್ಟಿನ ಮೋಡೆಮ್ಮು, ಇನ್ನೊಂದರಲ್ಲಿ ಸ್ಕ್ಯಾನರಿನ ಕಾರ್ಡು, ಮೂರನೆಯದು ಖಾಲಿ. ಆ ಮೂರನೇ ಸ್ಲಾಟಿಗೆ ಕೂರುವಂಥ ಹಳೇ ಕಾಲದ ಗ್ರಾಫಿಕ್ಸ್ ಕಾರ್ಡು ಸಿಕ್ಕಿದರೆ ಬೋರ್ಡಿನದು ಮಲಗುವುದಿಲ್ಲ, ಎರಡೂ ಏಳುತ್ತವೆ ಎಂದರು. ಅಂಥದ್ದು ಹೊಸದು ಎಲ್ಲೂ ಬರುತ್ತಿರಲಿಲ್ಲ. ಕೊನೆಗೆ ಶೃಂಗೇರಿಯಲ್ಲಿ ಮುಚ್ಚಿಹೋದ ಒಂದು ಕಂಪ್ಯೂಟರ್ ಕ್ಲಾಸಿನ ಮಹಡಿಯಲ್ಲಿ ಹಳೇ ಪೆಟ್ಟಿಗೆಗಳ ರಾಶಿ ಇದೆ ಎಂದು ಸುದ್ದಿ ಸಿಕ್ಕಿತು.

ನಾನೂ ಬರುತ್ತೇನೆ ಎಂದು ಹಟ ಹಿಡಿದು ಹೊರಟೆ. ಹರಿಹರಪುರದ ಮೇಲೆ ಬಸ್ಸಿನಲ್ಲಿ ಇಬ್ಬರೂ ಶೃಂಗೇರಿಗೆ ಹೋದೆವು. ಮಹಡಿಯ ಮೇಲೆ ಅವರು ಒಂದೊಂದೇ ಪೆಟ್ಟಿಗೆ ಬಿಚ್ಚುತ್ತಾ ಹೋದರು. ಒಂದಕ್ಕೆ ನಮ್ಮ ಸ್ಲಾಟಿಗೆ ಕೂರದ ಬೇರೆ ನಮೂನೆಯ ಹಲ್ಲು, ಒಂದು ಸುಟ್ಟದ್ದು, ಒಂದರಲ್ಲಿ ಇಲಿ ಸಂಸಾರ ಮಾಡಿತ್ತು. ಕೆಳಗಿನ ಪೆಟ್ಟಿಗೆಯಲ್ಲಿ ಕೊನೆಗೂ ಒಂದು ಸಿಕ್ಕಿತು. ಅದರ ಹಿತ್ತಾಳೆ ಬಣ್ಣದ ಹಲ್ಲುಗಳು ಕಪ್ಪಾಗಿದ್ದವು. ಅವರು ಜೇಬಿನಿಂದ ಪೆನ್ಸಿಲ್ ಅಳಿಸುವ ರಬ್ಬರು ತೆಗೆದು, ಒಬ್ಬಟ್ಟು ತಟ್ಟುವವರ ತಾಳ್ಮೆಯಲ್ಲಿ ಉಜ್ಜಿದರು. "ಇನ್ನು ನಿನ್ನ ಅದೃಷ್ಟ, ಆ ಬೋರ್ಡಿನ ಮರ್ಜಿ" ಎಂದರು.

ಕಾರ್ಡು ಹಾಕುವ ಹೊತ್ತಿಗೆ ನಾನು ಅಂಗಡಿಯಲ್ಲಿರಲಿಲ್ಲ. ಅಮ್ಮನಿಗೆ ಜ್ವರವೆಂದು ಮನೆಗೆ ಓಡಿದ್ದೆ. ತಿರುಗಿ ಬಂದಾಗ ಮೇಜಿನ ಮೇಲೆ ಎರಡು ಪರದೆಗಳು ಅಕ್ಕತಂಗಿಯರಂತೆ ಬೆಳಗುತ್ತಿದ್ದವು! ಬಲಗಡೆಯದರಲ್ಲಿ ಇಡೀ ಪುಟ, ಆ ಹಳೇ ಕಾರ್ಡಿನಿಂದ ಎದ್ದ ಎಡಗಡೆಯದರಲ್ಲಿ ತಟ್ಟೆಯಷ್ಟು ದೊಡ್ಡ ಅಕ್ಷರ. ನಾನು ಕೂತು ಒಂದು ಸಾಲು ಹೊಡೆದೆ. ಓದಿದೆ. ನಾನು ಹೊಡೆದದ್ದನ್ನು ನಾನೇ ಓದಿದೆ! ಅಳು ಬಂದದ್ದನ್ನು ಸೀನು ಎಂದು ಹೇಳಿ ಮೂಗು ಒರೆಸಿಕೊಂಡೆ.

ಮಾರನೆಯ ಬೆಳಿಗ್ಗೆ ಸ್ವಿಚ್ಚು ಹಾಕಿದರೆ ಎಡಗಡೆಯ ಪರದೆ ಏಳಲೇ ಇಲ್ಲ.

ಆರಿಸಿ ಹಾಕಿದೆ. ಇಲ್ಲ. ತಂತಿ ಕಿತ್ತು ಸಿಕ್ಕಿಸಿದೆ. ಇಲ್ಲ. ಎನ್.ಆರ್. ಪುರಕ್ಕೆ ಫೋನು ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. ಪಾಪ, ಅವರು ಸಿಕ್ಕಿದ ಬಸ್ಸಿಗೆ ಹೊರಟು ಮಧ್ಯಾಹ್ನದ ಹೊತ್ತಿಗೆ ಬಂದರು. ಅವರು ಬಂದು ಆರಿಸಿ ಹಾಕಿದ್ದೇ ತಡ, ಎರಡೂ ಪರದೆ ಏನೂ ಆಗಿಲ್ಲದವರಂತೆ ಎದ್ದು ಕೂತವು. "ಸರಿ ಇದೆಯಲ್ಲ ಮಾರಾಯ್ತಿ?" ಎಂದರು. ಡಾಕ್ಟರ ಮುಖ ಕಂಡೊಡನೆ ಜ್ವರ ಬಿಡುವ ಮಕ್ಕಳ ಹಾಗೆ! ನನಗೆ ಆ ಕಂಪ್ಯೂಟರನ್ನು ಎತ್ತಿ ಬೀದಿಗೆ ಎಸೆಯಬೇಕೆನಿಸಿತು.

ಅದೇ ಕಥೆ ಮರುದಿನವೂ, ಅದರ ಮರುದಿನವೂ. ಬೆಳಿಗ್ಗೆ ಸತ್ತು, ಮಧ್ಯಾಹ್ನ ಬದುಕುವುದು. ಯಜಮಾನರು ಶಿವಮೊಗ್ಗದ ಡೀಲರಿಗೆ ಫೋನು ಮಾಡಿ ಕೇಳಿದರು. "ಆ ಬೋರ್ಡಿಗೆ ಎರಡು ಗ್ರಾಫಿಕ್ಸು ಕಂಪ್ಯಾಟಿಬಲ್ ಅಲ್ಲ, ಹೊಂದಿಕೊಳ್ಳಲ್ಲ, ಇವತ್ತಲ್ಲ ನಾಳೆ ಪೂರ್ತಿ ಕೈಕೊಡುತ್ತೆ" ಎಂದು ಆತ ಹೇಳಿದನಂತೆ. ಆಮೇಲಿಂದ ಯಜಮಾನರ ಬಾಯಲ್ಲಿ ಅದೊಂದೇ ಮಾತು, ಕಂಪ್ಯಾಟಿಬಲ್ ಅಲ್ಲ, ಕಂಪ್ಯಾಟಿಬಲ್ ಅಲ್ಲ. ಕೇಳಿ ಕೇಳಿ ನನ್ನನ್ನೇ ಹಾಗೆ ಅನ್ನುತ್ತಿದ್ದಾರೇನೋ ಎನಿಸುತ್ತಿತ್ತು.

ಆದರೆ ಆ ದಿನಗಳಲ್ಲಿ ನನ್ನನ್ನು ತಿನ್ನುತ್ತಿದ್ದದ್ದು ಪರದೆಯೊಂದೇ ಅಲ್ಲ. ಪರದೆ ಸತ್ತ ಆ ಮೊದಲ ಬೆಳಿಗ್ಗೆ ಶಟರ್ ಎತ್ತಿದಾಗ ಮೂಲೆಯಲ್ಲಿ ನನಗೆ ಏನೂ ಕಂಡಿರಲಿಲ್ಲ. ಕೆಂಪು ಇರಲಿಲ್ಲ. ತಲೆ ಓರೆ ಮಾಡಿದೆ, ಅತ್ತ ತಿರುಗಿದೆ, ಇತ್ತ ತಿರುಗಿದೆ. ಬರೀ ಕತ್ತಲೆ. ಕತ್ತರಿ ಯಂತ್ರಕ್ಕೆ ಸೊಂಟ ಹೊಡೆದುಕೊಂಡು ಕುರ್ಚಿಗೆ ಹೋಗಿ ಕೂತೆ. ಅಂಚಲ್ಲೂ ಮಬ್ಬಾದರೆ ಎಂದಿದ್ದರಲ್ಲ ಡಾಕ್ಟರು, ಬಂತು, ಅಂಚಿಗೂ ಬಂತು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅದೇ ಗಳಿಗೆಗೆ ಕುರ್ಚಿ ಹೋಗುತ್ತದೆ. ಅಮ್ಮ ರಾತ್ರಿ ಊಟಕ್ಕೆ ಬಡಿಸುತ್ತಾ, "ಎಂತ ಆಯ್ತೇ ನಿಂಗೆ, ಅನ್ನ ಹಂಗೇ ಇದೆ" ಎಂದರೆ, "ಏನಿಲ್ಲ, ಸುಮ್ನಿರು" ಎಂದು ರೇಗಿದೆ. ಪ್ರತಿ ಬೆಳಿಗ್ಗೆ ಶಟರ್ ಎತ್ತುವ ಮೊದಲು ಎದೆ ಹೊಡೆದುಕೊಳ್ಳುತ್ತಿತ್ತು. ಎತ್ತಿದರೆ ಕತ್ತಲೆಯೇ.

ಶ್ರಾವಣದ ಮೊದಲ ಕಾಗದ ಅಡ್ಡಗದ್ದೆಯ ಒಂದು ಮನೆಯದು. ಮಧ್ಯಾಹ್ನದ ಬಸ್ಸಿಗೆ ಹುಡುಗಿಯ ಅಪ್ಪ ಬಂದು ಪ್ರೂಫ್ ನೋಡುತ್ತಾರೆ ಎಂದು ಮಾತಾಗಿತ್ತು. ಹಿಂದಿನ ಸಂಜೆ ಯಜಮಾನರು ನನ್ನ ಮುಖ ನೋಡದೆ, "ಎನ್.ಆರ್. ಪುರದಿಂದ ಒಬ್ರು ಟೈಪಿಂಗಿನವರಿಗೆ ಬರೋಕೆ ಹೇಳಿದೀನಿ ಅಮ್ಮ. ಸುಮ್ನೆ, ಇರ್ಲಿ ಅಂತ" ಎಂದರು. ಸುಮ್ಮನೆ ಯಾರಾದರೂ ಅಷ್ಟು ದೂರದಿಂದ ಬರುತ್ತಾರೆಯೇ?

ಆ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಯಜಮಾನರು ಶಟರ್ ಎತ್ತಿ, ದೇವರಿಗೆ ಊದುಬತ್ತಿ ಹಚ್ಚುತ್ತಿದ್ದರು. ಎನ್.ಆರ್. ಪುರದ ಆ ಟೈಪಿಂಗಿನವರು ಬೆಂಚಿನ ಮೇಲೆ ಕೊಡೆ ತೊಡೆಗೆ ಒರಗಿಸಿಕೊಂಡು ಕೂತಿದ್ದರು. ನನಗಿಂತ ಸ್ವಲ್ಪ ದೊಡ್ಡ ಹೆಂಗಸು. ನಾನು ಅವರ ಕಡೆ ನೋಡದೆ ಸ್ವಿಚ್ಚು ಹಾಕಿದೆ. ಬಲಗಡೆ ಎದ್ದಿತು. ಎಡಗಡೆ ಇಲ್ಲ.

"ನೋಡಿದ್ಯಾ?" ಎಂದರು ಯಜಮಾನರು. ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಅದು ಇನ್ನೂ ಕೆಟ್ಟದ್ದು. "ಕಂಪ್ಯಾಟಿಬಲ್ ಅಲ್ಲ ಅಂದ್ರೆ ಅಲ್ಲ. ಇವತ್ತಿನ ಕಾಗದ ಅವರೇ ಮಾಡ್ಲಿ. ನೀನು ಸ್ವಲ್ಪ ದಿನ ರೆಸ್ಟ್ ತಗೋ."

"ರೆಸ್ಟಾ?" ನನ್ನ ಬಾಯಿಂದ ಬಂದ ದನಿ ನನಗೇ ಹೊಸದು. "ಮಧ್ಯಾಹ್ನ ಏಳುತ್ತಲ್ಲ ಆ ದರಿದ್ರ ಪರದೆ! ಬೆಳಿಗ್ಗೆ ಏನು ರೋಗ ಅದಕ್ಕೆ? ಎದ್ರೆ ಮಾಡ್ತೀನಿ ಅಂತಿದೀನಲ್ಲ!"

"ಎದ್ರೂ ಎಷ್ಟು ದಿನ ಅಮ್ಮ? ನಿನ್ನ ಕಣ್ಣು..."

"ಹೌದು, ನನ್ನ ಕಣ್ಣು ಹೋಯ್ತು! ಪೂರ್ತಿ ಹೋಗ್ತಾ ಇದೆ, ಸಾಕಾ? ಬೆಳಿಗ್ಗೆ ಬಾಗಿಲು ತೆಗೆದ್ರೆ ಆ ಮೂಲೆಯ ಕೆಂಪು ದೀಪನೂ ಕಾಣಲ್ಲ ನಂಗೆ! ಮೊದ್ಲು ಅದೊಂದಾದ್ರೂ ಕಾಣ್ತಿತ್ತು! ಈಗ ಅದೂ ಇಲ್ಲ!"

ಹೇಳಿಬಿಟ್ಟಿದ್ದೆ. ಪರಸ್ಥಳದ ಹೆಂಗಸಿನ ಎದುರಿಗೆ ಅಳುತ್ತಾ ನಿಂತಿದ್ದೆ. ಯಜಮಾನರು ಊದುಬತ್ತಿ ಹಿಡಿದುಕೊಂಡೇ ಇದ್ದರು.

"ಯಾವ ದೀಪ?" ಎಂದರು.

"ಕಂಪ್ಯೂಟರ್ ಒಳಗಿಂದು! ಜೀರೋ ಬಲ್ಬು!"

"ಅದು ಎಲ್ಲಿದೆ ಈಗ? ಅದನ್ನ ತೆಗೆದುಬಿಟ್ಟಿದಾರಲ್ಲ ಅಸೆಂಬ್ಲಿಯವ್ರು, ಕಾರ್ಡು ಹಾಕಿದ ದಿನಾನೇ. ನೀನು ಅಮ್ಮನ್ನ ನೋಡೋಕೆ ಹೋಗಿದ್ಯಲ್ಲ, ಆವಾಗ. ಬಲ್ಬಿನ ವೈರು ಆ ಮೂರನೇ ಸ್ಲಾಟಿನ ಸಂದಿಯಿಂದಲೇ ಒಳಗೆ ಹೋಗಿತ್ತು. ಕಾರ್ಡಿಗೆ ಅದೇ ಸಂದಿ ಬೇಕಾಯ್ತು. ತೆಗೆದು ಡ್ರಾಯರಿನಲ್ಲಿ ಹಾಕಿದ್ರು."

ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ದೀಪ ಇರಲೇ ಇಲ್ಲ. ಇಷ್ಟು ದಿನ ನಾನು ಇಲ್ಲದ ದೀಪವನ್ನು ಕಾಣಲಿಲ್ಲವೆಂದು ಸಾಯುತ್ತಿದ್ದೆ! ಕುರ್ಚಿ ಎಳೆದುಕೊಂಡು ಕೂತೆ. ನಗು ಬಂತೋ ಅಳು ಬಂತೋ ಈಗಲೂ ಹೇಳಲಾರೆ, ಎರಡೂ ಒಂದೇ ಬಾಗಿಲಲ್ಲಿ ನುಗ್ಗಿದವು. ಯಜಮಾನರು ಹೆದರಿ ನೀರು ತಂದರು.

ಬೆಂಚಿನ ಮೇಲಿದ್ದ ಹೆಂಗಸು ಆಗ ಮೊದಲ ಬಾರಿಗೆ ಬಾಯಿ ಬಿಟ್ಟರು. "ಬಲ್ಬು ತೆಗೆದ ಮೇಲಿಂದಾನಾ ಇದು ಬೆಳಿಗ್ಗೆ ಏಳದೇ ಇರೋದು?"

ಮೂವರೂ ಆ ಪೆಟ್ಟಿಗೆಯ ಕಡೆ ತಿರುಗಿದೆವು. ಬೋರ್ಡೂ ಅಲ್ಲ, ಕಂಪ್ಯಾಟಿಬಲ್ಲೂ ಅಲ್ಲ. ರಾತ್ರಿಯೆಲ್ಲ ಥಂಡಿ ಹಿಡಿದು, ಹಳೇ ಕಾರ್ಡಿನ ಹಲ್ಲಿಗೆ ತೇವ ಕೂರುತ್ತಿತ್ತು. ಬೆಳಿಗ್ಗೆಯಿಂದ ಕಂಪ್ಯೂಟರು ಓಡಿ ಒಳಗೆ ಬಿಸಿಯಾದ ಮೇಲೆ ಮಧ್ಯಾಹ್ನದ ಹೊತ್ತಿಗೆ ಅದು ಒಣಗುತ್ತಿತ್ತು. ಅಷ್ಟರಲ್ಲಿ ಎನ್.ಆರ್. ಪುರದ ಬಸ್ಸು ಬರುತ್ತಿತ್ತು. ಇಲ್ಲೇ ಹುಟ್ಟಿ ಬೆಳೆದು, ಬೀಗದ ಕೈಗೂ ಎಣ್ಣೆ ಹಚ್ಚಿಡುವ ನಾವು, ನಾನು, ಯಜಮಾನರು, ಅಸೆಂಬ್ಲಿಯವರು, ಇಷ್ಟು ದಿನ ಶಿವಮೊಗ್ಗದವನ ಮಾತು ಕೇಳಿಕೊಂಡು ಕೂತಿದ್ದೆವು. ಅಸೆಂಬ್ಲಿಯವರಿಗೆ ಫೋನು ಮಾಡಿದರೆ, ಆ ಕಡೆಯಿಂದ ಹಣೆ ಚಚ್ಚಿಕೊಂಡ ಸದ್ದೇ ಕೇಳಿಸಿತು. "ಅಯ್ಯೋ, ಬೇರೆ ಕಡೆಯಿಂದ ತೂರಿಸಿದ್ರಾಯ್ತು ಅಂತ ಡ್ರಾಯರಲ್ಲಿ ಹಾಕಿ ಮರ್ತೇಬಿಟ್ಟೆ ಮಾರಾಯ್ತಿ! ಸೈಡಿನ ತಗಡು ಬಿಚ್ಚಿ. ಕಂಪ್ಯೂಟರ್ ಆರ್ಸಿ ಇಡಿ. ಬಲ್ಬು ಕಾರ್ಡಿನ ಹತ್ರ ಹಿಡೀರಿ, ತಾಗಿಸ್ಬೇಡಿ ಮತ್ತೆ!"

ಡ್ರಾಯರಿನಲ್ಲಿದ್ದ ಜೀರೋ ಬಲ್ಬು ಆ ಹೊತ್ತಿಗೆ ಸಾಲುವುದಿಲ್ಲವೆಂದು ಯಜಮಾನರು ದೇವರ ಪಟದ ಮುಂದಿದ್ದ ದೊಡ್ಡ ಬಲ್ಬನ್ನೇ ಕಿತ್ತು ತಂದರು. ತಗಡು ಬಿಚ್ಚಿ, ಪೇಪರ್ ಕಟ್ಟುವ ದಾರದಲ್ಲಿ ಅದನ್ನು ಮೂರನೇ ಸ್ಲಾಟಿನ ಎದುರಿಗೆ ತೂಗುಬಿಟ್ಟೆವು. ಆಮೇಲೆ ಕಾಯುವುದು. ಅಡ್ಡಗದ್ದೆಯವರ ಬಸ್ಸು ಬರುವ ಹೊತ್ತು ಹತ್ತಿರವಾಗುತ್ತಿತ್ತು. ಯಜಮಾನರು ಬಾಗಿಲಿಗೂ ಕ್ಯಾಬಿನೆಟ್ಟಿಗೂ ನಡುವೆ ಓಡಾಡಿದರು. ಆ ಹೆಂಗಸು ಕೊಡೆ ಮಡಚಿ ಬಿಚ್ಚಿ ಮಾಡಿದರು. ನಾನು ಕಣ್ಣು ಮುಚ್ಚಿಕೊಂಡೇ ಕೂತಿದ್ದೆ.

"ಹಾಕಲಾ?" ಎಂದೆ ಕೊನೆಗೆ. ಯಜಮಾನರು ಬಲ್ಬು ಆರಿಸಿದರು, ನಾನು ಸ್ವಿಚ್ಚು ಹಾಕಿದೆ.

ಬಲಗಡೆ ಎದ್ದಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಎಡಗಡೆಯದು ಮಿಣುಕ್ ಎಂದು, ಮಸುಕಾಗಿ, ನಿಧಾನವಾಗಿ ಬೆಳಗಿತು. ಯಜಮಾನರು ನನ್ನ ಹಿಂದೆ ಜೋರಾಗಿ ಉಸಿರು ಬಿಟ್ಟರು.

ನಾನು ಹೊಡೆಯಲು ಶುರುಮಾಡಿದೆ. ಅಷ್ಟು ಸ್ಪೀಡಿನಲ್ಲಿ ನಾನು ಯಾವತ್ತೂ ಹೊಡೆದಿರಲಿಲ್ಲ. ಪ್ರತಿ ಸಾಲನ್ನೂ ಎಡಗಡೆಯ ಪರದೆಯಲ್ಲಿ ಓರೆಗಣ್ಣಲ್ಲಿ ಓದಿದೆ. ಮುಹೂರ್ತದ ಸಾಲನ್ನು ಓದಿ, ಮತ್ತೆ ಓದಿ, ಮತ್ತೊಮ್ಮೆ ಓದಿದೆ. ಪ್ರಿಂಟು ತೆಗೆದಾಗ ಹುಡುಗಿಯ ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಯಜಮಾನರು ಆ ಕಾಗದವನ್ನು ತಾವು ಓದಲಿಲ್ಲ. ಬೆಂಚಿನ ಮೇಲಿದ್ದ ಹೆಂಗಸಿನ ಕೈಗೆ ಕೊಟ್ಟು, ತಾವು ಕೈಬರಹದ ಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಾ ಹೋದರು. ಆಕೆ ಬೆರಳಿಟ್ಟು ನೋಡುತ್ತಾ ಹೋದರು. ಒಂದೇ ಒಂದು ತಪ್ಪು ಹೇಳಿದರೆ ಸಾಕು, ಕುರ್ಚಿ ಆಕೆಯದು.

"ಏನೂ ತಪ್ಪಿಲ್ಲ" ಎಂದರು ಆಕೆ. ಕೊಡೆ ತೆಗೆದುಕೊಂಡು ಎದ್ದು, "ಬರ್ತೀನಿ ಹಂಗಾರೆ, ಒಂದು ಬಸ್ಸಿದೆ ಈಗ" ಎಂದರು. ಹೋಗುವಾಗ ನನ್ನ ಭುಜವನ್ನೊಮ್ಮೆ ಒತ್ತಿದರು.

ಅವತ್ತು ಸಂಜೆ ಬಾಗಿಲು ಹಾಕುವಾಗ ಯಜಮಾನರು ತಾವೇ ಹಿಂದಿನ ಮೂಲೆಗೆ ಹೋಗಿ, ತಗಡಿಲ್ಲದ ಆ ಬದಿಯಿಂದಲೇ ಹಳೇ ಕೆಂಪು ಬಲ್ಬನ್ನು ಒಳಗೆ ತೂಗುಹಾಕಿ ಸ್ವಿಚ್ಚು ಒತ್ತಿದರು.

ಮಾರನೆಯ ಬೆಳಿಗ್ಗೆ ಬೇಗ ಹೋದೆ. ಬೀಗ ತೆಗೆದು ಶಟರಿಗೆ ಕೈ ಹಾಕಿದವಳು ಎತ್ತಲಾರದೆ ನಿಂತೆ. ಎಲ್ಲ ಗೊತ್ತಾಗಿತ್ತು, ಆದರೂ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ದೀಪ ಇದೆ. ಈಗಲೂ ಕಾಣದಿದ್ದರೆ? ಹಾಲಿನವರು ದಾಟಿ ಹೋದರು, ಮೊದಲ ಬಸ್ಸು ಹಾರನ್ ಹಾಕಿತು. ಥೂ, ಏನಾದರಾಗಲಿ ಎಂದು ಎತ್ತಿದೆ.

ಒಳಗೆ ಕತ್ತಲೆ. ತಲೆಯನ್ನು ಸ್ವಲ್ಪ ಓರೆ ಮಾಡಿದೆ. ಹಿಂದಿನ ಮೂಲೆಯಲ್ಲಿ ಕೆಂಪಗೆ ಇತ್ತು. ಕಾಣುತ್ತಿತ್ತು.